ಬಾಡಿಗೆ ಪತ್ರದ ಇನ್ನೊಂದು ಪ್ರತಿ

“ಚಸ್ಮಾ ಅಂಗಡ್ಯಾಗ ಬಿಟ್ಟ ಬಂದೇನ್ರಿ ಟೀಚರ್, ನೀವ ಓದಿ ಹೇಳ್ರಿ” ಎಂದು ಬೆಟಗೇರಿಯ ನಮ್ಮ ಮನೆ ಮಾಲಕಿ ಶಾಂತವ್ವ ನಾನು ಕೊಟ್ಟ ಪತ್ರವನ್ನು ನನ್ನ ಕೈಗೇ ಮರಳಿಸಿದರು. ಅವರಿಗೆ ಗದಗ ಬಜಾರದಲ್ಲಿ ಬಳೆ ಅಂಗಡಿ ಇದೆ. ಎದುರಿಗೆ ಹೇಳುವ ಧೈರ್ಯ ಸಾಲದೆ ಬರೆದದ್ದನ್ನು ಈಗ ಅವರೆದುರೇ ಓದಬೇಕಾಯಿತು!

ಕರಾರಿನ ಅವಧಿ ಮುಗಿಯುವ ತನಕ ಬಾಡಿಗೆ ಏರಿಸುವಂತಿಲ್ಲವೆಂದು ಕರಾರಿನಲ್ಲೇ ಇದೆ, ಈಗ ನೀವು ಏರಿಸಿದ್ದು ಸರಿಯಲ್ಲ, ಹಳೆಯ ಬಾಡಿಗೆಯನ್ನು ತಪ್ಪದೆ ಕೊಡುತ್ತೇನೆ, ಏರಿಕೆಗೆ ಕಾರಣವಿದ್ದರೆ ಬರೆದು ತಿಳಿಸಿ ಎಂದು ತಡವರಿಸುತ್ತ ಓದಿದೆ. ಒಂದು ಪ್ರತಿ ನಿಮಗೆ, ನನ್ನ ಪ್ರತಿಯ ಮೇಲೆ ‘ಮುಟ್ಟಿದೆ’ ಎಂದು ಸಹಿ ಬೇಕು ಎಂದೂ ಹೇಳಿದೆ.

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಶಾಂತವ್ವ ಮಾತ್ರ ಮತ್ತೊಮ್ಮೆ ಓದಿಸಿ, ಗಲ್ಲಕ್ಕೆ ಕೈ ಹಚ್ಚಿ ಕೇಳಿ, ಸಹಿ ಮಾಡಿದರು.

“ಹಿಂಗ ಬರದ ಕೇಳಾಕ ಬರತೈತಿ ಅಂತ ನನಗ ಗೊತ್ತ ಇರಲಿಲ್ಲ ನೋಡ್ರಿ. ನನ್ನ ಅಂಗಡಿ ಮಾಲಕರೂ ಕರಾರು ಮುಗಿಯೂ ಮೊದಲ ಬಾಡಿಗಿ ಏರಿಸ್ಯಾರ. ಅದಕ್ಕ ನಿಮಗೂ ಏರಿಸಿದ್ದೆ. ನೀವು ಹಳೇದ ಕೊಡ್ರಿ, ನನಗೂ ಇಂಥಾದ್ದೊಂದು ಬರದ ಕೊಡ್ರಿ” ಎಂದರು.

ಅಲ್ಲೇ ಕೂತು ಬರೆದುಕೊಟ್ಟೆ. ಹೆಸರು, ವಿಳಾಸ ಬಿಟ್ಟರೆ ಏನನ್ನೂ ಬದಲಿಸಬೇಕಾಗಲಿಲ್ಲ. ಅಂಗಡಿ ಮಾಲಕರು ಅದನ್ನು ಓದಿ ಏನನ್ನುತ್ತಾರೋ ಎಂದು ಶಾಂತವ್ವನಿಗಿಂತ ನನಗೇ ಈಗ ಹೆಚ್ಚು ಕುತೂಹಲ. ಅವರೂ ಎಲ್ಲೋ ಬಾಡಿಗೆಗಿದ್ದು, ಇನ್ನೊಂದು ಪ್ರತಿ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರೆ?