ಹನ್ನೊಂದು ಪುಟದ ಜಾಮೀನು ಅರ್ಜಿ

ಧಾರವಾಡದ ಕೋರ್ಟಿನ ಎದುರಿಗೆ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಇದೆ. ಕುರ್ಚಿ ಮತ್ತು ನಾನು ಮಾತ್ರ ಹಳಬರು. ಮೂವತ್ತು ವರ್ಷ ವಕೀಲರ ಅರ್ಜಿಗಳನ್ನು ಟೈಪ್ ಮಾಡಿದವನಿಗೆ ಒಂದು ರೋಗ ಹತ್ತುತ್ತದೆ. ಕಾನೂನು ತನಗೂ ಬರುತ್ತದೆ ಅನ್ನಿಸತೊಡಗುತ್ತದೆ. ನಮ್ಮ ಬಳಗದಲ್ಲಿ ಯಾರಿಗೆ ವಕೀಲರು ಬೇಕಾದರೂ ಮೊದಲ ಫೋನು ನನಗೇ ಬರಬೇಕು. ಬರದಿದ್ದರೆ ಆ ಮನೆಯ ಮದುವೆಯಲ್ಲಿ ನಾನು ಊಟ ಮಾಡಿದರೂ ಮುಖ ಊದಿಸಿಕೊಂಡೇ ಮಾಡುತ್ತೇನೆ.

ವಕೀಲರನ್ನು ಅಳೆಯಲು ನನ್ನ ಹತ್ತಿರ ನನ್ನದೇ ಒಂದು ಅಳತೆ ಇತ್ತು. ಯಾರ ಅರ್ಜಿ ಉದ್ದವೋ ಅವರು ದೊಡ್ಡ ವಕೀಲರು. ಅಂಥವರಲ್ಲಿ ಒಬ್ಬ ಹಿರಿಯರೆಂದರೆ ನನಗೆ ಜೀವ. ಅವರು ಕಣ್ಣು ಮುಚ್ಚಿ, ಬಲಗೈ ಎತ್ತಿ, ‘ಆದಕಾರಣ ಘನ ನ್ಯಾಯಾಲಯವು’ ಎಂದು ಹೇಳಿ ಬರೆಸಲು ಶುರು ಮಾಡಿದರೆ ಪಕ್ಕದ ಚಹಾದಂಗಡಿಯವನು ಕೂಡ ಸ್ಟೋವ್ ಸಣ್ಣ ಮಾಡಿ ಕೇಳುತ್ತಿದ್ದ. ಇನ್ನೊಬ್ಬಾಕೆ ತರುಣಿ. ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಕಾನೂನು ಓದಿ, ಅಲ್ಲೇ ಉಳಿದು ಕ್ರಿಮಿನಲ್ ಕೇಸು ನಡೆಸುತ್ತಿದ್ದಳು. ಆಕೆಯ ಅರ್ಜಿ ಒಂದು ಪುಟ, ಬಹಳವಾದರೆ ಒಂದೂವರೆ. ನಾನು ಆಕೆಯನ್ನು ಯಾವಾಗಲೂ ಸಾಲಿನ ಕೊನೆಗೆ ಕೂಡಿಸುತ್ತಿದ್ದೆ. ಒಂದು ಪುಟದವರಿಗೆ ಏನು ಅವಸರ?

ಹೋದ ವರ್ಷದ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗಲೇ ಮಾಳಮಡ್ಡಿಯಿಂದ ವೈನಿಯ, ಅಂದರೆ ಅಣ್ಣನ ಹೆಂಡತಿಯ ಫೋನು ಬಂತು. ನನ್ನ ಅಣ್ಣನನ್ನು ಪೊಲೀಸರು ಅರೆಸ್ಟ್ ಮಾಡಿ ಠಾಣೆಗೆ ಕರೆದುಕೊಂಡು ಹೋಗಿದ್ದರು. ಅಣ್ಣ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಇರುವೆ ಸಾಲಾಗಿ ಹೊರಟರೆ ದಾಟದೆ ನಿಲ್ಲುವಂಥ ಮನುಷ್ಯ.

ಆದದ್ದು ಇಷ್ಟು. ನಮ್ಮಲ್ಲಿ ನಳದ ನೀರು ಬರುವುದೇ ದಿನಗಟ್ಟಲೆ ಕಾಯಿಸಿ. ಅವತ್ತು ನಸುಕಿನಲ್ಲಿ ಬಂದಾಗ ಪಕ್ಕದ ಮನೆಯವರು ಪೈಪಿಗೇ ಮೋಟರು ಹಚ್ಚಿ ಓಣಿಯ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದರು. ಅಣ್ಣ ಪಾನಾ ತೆಗೆದುಕೊಂಡು ಹೋಗಿ ನಟ್ಟು ಬಿಚ್ಚಿ, ಮೋಟರನ್ನೂ ಪಾನಾವನ್ನೂ ಕಟ್ಟೆಯ ಮೇಲಿಟ್ಟ. ಆ ಮನೆಯ ಯಜಮಾನರು ಬಂದರು, ಕೈಕೈ ಹಿಡಿದು ಜಗ್ಗಾಡಿದರು, ಪಾಚಿಯ ಮೇಲೆ ಕಾಲು ಜಾರಿ ಅವರು ಬಿದ್ದರು. ಹಣೆಗೆ ಎರಡು ಹೊಲಿಗೆ ಬಿದ್ದವು. ಪಾನಾದಿಂದ ಹೊಡೆದ ಎಂದು ದೂರು ಕೊಟ್ಟರು. ಕಬ್ಬಿಣದ ಹತಾರದಿಂದ ಹೊಡೆದ ಕೇಸೆಂದರೆ ಠಾಣೆಯಲ್ಲೇ ಜಾಮೀನು ಸಿಗುವುದಿಲ್ಲ. ಮಧ್ಯಾಹ್ನ ಜಡ್ಜರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿ ಬಿಟ್ಟರೆ ಮನೆ, ಇಲ್ಲದಿದ್ದರೆ ಜೈಲು. ಹೋಗುವಾಗ ಅಣ್ಣ ವೈನಿಗೆ ನೀನು ಬರಬೇಡ, ತಮ್ಮನಿಗೆ ಫೋನು ಮಾಡು, ಅವನು ಎಲ್ಲ ನೋಡಿಕೊಳ್ಳುತ್ತಾನೆ ಎಂದು ಹೇಳಿ ಜೀಪು ಹತ್ತಿದ್ದನಂತೆ.

ನೋಡಿಕೊಂಡೆ, ನನ್ನ ರೀತಿಯಲ್ಲಿ. ಠಾಣೆಗೆ ಆಮೇಲೆ ಹೋದರಾಯಿತು, ಮೊದಲು ಅರ್ಜಿ ಭರ್ಜರಿಯಾಗಿರಲಿ ಎಂದು ಆ ಹಿರಿಯ ವಕೀಲರನ್ನು ಕೈಮುಗಿದು ಕರೆತಂದು ಕೂಡಿಸಿದೆ. ಅವರು ಕಣ್ಣು ಮುಚ್ಚಿದರು, ನಾನು ಬೆರಳು ನೆಟಿಗೆ ಮುರಿದೆ. ಎರಡನೆಯ ಪುಟದಲ್ಲಿ ನೀರು ಜೀವಿಯ ಹಕ್ಕಾಯಿತು. ನಾಲ್ಕನೆಯದರಲ್ಲಿ ಹಳೆಯ ಅರಸರು ಕಟ್ಟಿಸಿದ ಕೆರೆಗಳು ಬಂದವು. ಏಳನೆಯ ಪುಟದಲ್ಲಿ ಗುರುವಿಗೆ ಸಮಾಜ ಕೊಡಬೇಕಾದ ಗೌರವದ ವರ್ಣನೆ ಎಷ್ಟು ಸೊಗಸಾಗಿತ್ತೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಒಂಬತ್ತನೆಯ ಪುಟ ಮುಗಿದರೂ ಅರ್ಜಿಯಲ್ಲಿ ಅಣ್ಣ ಇನ್ನೂ ಮನೆಯಿಂದ ಹೊರಗೆ ಬಿದ್ದಿರಲಿಲ್ಲ.

ಬೆಂಚಿನ ತುದಿಯಲ್ಲಿ ಆ ತರುಣಿ ತನ್ನ ಬೇರೊಂದು ಕೇಸಿನ ಒಂದು ಪುಟ ಹಿಡಿದು ಹತ್ತು ಗಂಟೆಯಿಂದ ಕಾಯುತ್ತಿದ್ದಳು. ಹನ್ನೊಂದನೆಯ ಪುಟದ ಹೊತ್ತಿಗೆ ಗಡಿಯಾರದಲ್ಲಿ ಹನ್ನೆರಡಾಗುತ್ತ ಬಂದಿತ್ತು. ಆಕೆ ಎದ್ದು ನನ್ನ ಹತ್ತಿರ ಬಂದಳು.

“ಕಾಕಾ, ಅವರನ್ನ ಎಷ್ಟಕ್ಕ ಕರಕೊಂಡ ಹೋದ್ರು? ಯಾಕ ಹಿಡದೇವಿ ಅಂತ ಅವರ ಕೈಯಾಗ ಬರದ ಕೊಟ್ಟಾರೇನ್ರಿ? ಈಗ ಅವರ ಹತ್ರ ಯಾರ ಅದಾರ?”

ಮೊದಲ ಎರಡನ್ನು ನಾನು ವೈನಿಯನ್ನು ಕೇಳಿಯೇ ಇರಲಿಲ್ಲ. ಕೊನೆಯದರ ಉತ್ತರ ಮಾತ್ರ ಗೊತ್ತಿತ್ತು. ಯಾರೂ ಇರಲಿಲ್ಲ.

ಆಕೆ ಬೈಯಲಿಲ್ಲ. ಹಿಡಿದ ಕಾರಣ ಬರೆದು ಕೊಡಬೇಕು, ಎಲ್ಲಿಟ್ಟಿದ್ದೇವೆಂದು ಮನೆಯವರಿಗೆ ತಿಳಿಸಬೇಕು, ಇಪ್ಪತ್ನಾಲ್ಕು ತಾಸಿನೊಳಗೆ ಜಡ್ಜರ ಮುಂದೆ ತರಬೇಕು, ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಅವರಿಗಿದೆ, ತಮ್ಮ ಮೇಲೆ ತಾವೇ ಸಾಕ್ಷಿ ಹೇಳಬೇಕೆಂದು ಯಾರೂ ಒತ್ತಾಯ ಮಾಡುವ ಹಾಗಿಲ್ಲ ಎಂದಳು. ಇವನ್ನೆಲ್ಲ ನಾನೇ ನೂರು ಸಲ ಟೈಪ್ ಮಾಡಿದ್ದೆ. ಭರಣಿಯ ಮೇಲಿನ ಚೀಟಿ ಬರೆದವನಿಗೆ ಉಪ್ಪಿನಕಾಯಿಯ ರುಚಿ ಎಲ್ಲಿಂದ ಗೊತ್ತಾಗಬೇಕು? ನಿಮ್ಮ ಅಣ್ಣಾವ್ರು ಸ್ವಭಾವದಲ್ಲಿ ಹ್ಯಾಂಗ್ರಿ, ಮಾತು ಕಡಿಮೆಯೋ ಎಂದು ಕೇಳಿದಳು. ನಾನು ಸ್ಕೂಟರಿನ ಕೀಲಿಕೈ ಹುಡುಕತೊಡಗಿದೆ.

ನಮ್ಮಣ್ಣನಿಗೆ ಮಲಪ್ರಭಾ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ಅದು ಕೃಷ್ಣೆಗೆ ಕೂಡುವ ತನಕ ಬಿಡುವುದಿಲ್ಲ. ಹೇಳುವಾಗ ಸ್ವಲ್ಪ ಒಗ್ಗರಣೆ ಹಾಕುವ ರೂಢಿಯೂ ಉಂಟು.

ಹಿರಿಯ ವಕೀಲರು ಕಣ್ಣು ತೆರೆದರು. ಅವರ ದೊಡ್ಡತನ ನನಗೆ ಗೊತ್ತಾದದ್ದು ಆವಾಗ, ಪುಟದಿಂದಲ್ಲ. “ಹೋಗವಾ, ನೀನs ಹೋಗು. ನಂದೇನಿದ್ರೂ ಹೊಲ-ಮನಿ ದಾವಾ. ಠಾಣಾ ಮೆಟ್ಟಿಲಾ ಹತ್ತಿ ಎಷ್ಟ ವರ್ಷಾತೋ. ಇಂವಾ ಪ್ರೀತಿಲೇ ಕರದ, ನನಗ ಇಲ್ಲಾ ಅನ್ನಾಕ ಆಗಲಿಲ್ಲ” ಎಂದರು.

ಸ್ಕೂಟರಿನ ಹಿಂದೆ ಆಕೆಯನ್ನು ಕೂಡಿಸಿಕೊಂಡು ಠಾಣೆಗೆ ಓಡಿದೆ. ಒಳಗೆ ಹೋದರೆ ಕ್ಲಾಸು ನಡೆದಿತ್ತು. ಅಣ್ಣ ಬೆಂಚಿನ ಮೇಲೆ, ಕಾನ್‌ಸ್ಟೇಬಲ್‌ಗಳು ಸುತ್ತ. ಮೇಜಿನ ಮೇಲಿನ ರೂಲರ್ ಎತ್ತಿ ಹಿಡಿದು, ಹೀಗೆ ಪಾನಾ ಎತ್ತಿದೆ, ಹೀಗೆ ಎರಡು ಬಿಟ್ಟೆ ಎಂದು ತೋರಿಸುತ್ತಿದ್ದ. ಕಟ್ಟೆಯ ಮೇಲೆ ತಣ್ಣಗೆ ಮಲಗಿದ್ದ ಪಾನಾ ಅಣ್ಣನ ಬಾಯಲ್ಲಿ ಎರಡು ಏಟು ಹೊಡೆದು ಮೂರನೆಯದಕ್ಕೆ ಏಳುತ್ತಿತ್ತು. ಬರೆದುಕೊಳ್ಳುವ ಪೊಲೀಸರು ಪಾಪ, ಪೆನ್ನು ಕೆಳಗಿಟ್ಟು, ಸರ್, ಚಹಾ ತಣ್ಣಗಾಗುತ್ತದೆ ಕುಡಿಯಿರಿ ಎನ್ನುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ ಮನುಷ್ಯ ಇವನೇ.

ಆಕೆ ತಾನು ವಕೀಲಳೆಂದು ಹೇಳಿ, ಅಣ್ಣನನ್ನು ಮೂಲೆಗೆ ಕೂಡಿಸಿಕೊಂಡಳು. ಯಾವುದಕ್ಕಾದರೂ ಸಹಿ ಮಾಡಿದ್ದೀರಾ, ಕಾಗದ ಏನಾದರೂ ಕೊಟ್ಟಿದ್ದಾರಾ ಎಂದು ಕೇಳಿದಳು. ಎರಡೂ ಇಲ್ಲ. ಅಣ್ಣ ಹೊಸದಾಗಿ ಕೇಳುವವಳು ಸಿಕ್ಕಳೆಂದು ಮತ್ತೆ ನಳದ ಹತ್ತಿರದಿಂದ ಶುರು ಮಾಡಿದ.

“ಗುರುಗಳ, ಹೆಸರು ವಿಳಾಸ ಕೇಳಿದ್ರ ಹೇಳ್ರಿ. ಉಳದದ್ದು ಒಂದ ಮಾತೂ ಬ್ಯಾಡ್ರಿ. ನೀವು ಇಲ್ಲೆ ಒಪ್ಪಿಕೊಂಡದ್ದು ಕೋರ್ಟಿನ್ಯಾಗ ನಿಲ್ಲಂಗಿಲ್ಲ. ಆದ್ರ ಇನ್ನೊಂದ ಏಟು ಹೆಚ್ಚ ಮಾಡಬ್ಯಾಡ್ರಿ.”

ಅಣ್ಣನ ಮುಖ ಸಣ್ಣದಾಯಿತು. ಆಗಲೇ ಅವನಿಗೆ ತಾನು ಎಲ್ಲಿದ್ದೇನೆಂದು ತಿಳಿದದ್ದು ಎಂದು ನಾನು ಅಂದುಕೊಂಡೆ.

ಅಂಗಡಿಗೆ ಬಂದು, ಅಣ್ಣನಿಗಾಗಿ ಆಕೆ ಬರೆದ ಜಾಮೀನು ಅರ್ಜಿಯನ್ನು ಎಲ್ಲರಿಗಿಂತ ಮೊದಲು ಟೈಪ್ ಮಾಡಿದೆ. ವಯಸ್ಸು, ಪೆನ್ಶನ್, ಮಾಳಮಡ್ಡಿಯಲ್ಲಿ ಸ್ವಂತ ಮನೆ, ಓಡಿಹೋಗುವವರಲ್ಲ, ಗಾಯ ಎರಡು ಹೊಲಿಗೆಯದು, ಹಿಡಿದ ಕಾರಣ ಬರೆದು ಕೊಟ್ಟಿಲ್ಲ. ಪುಟದ ಕೆಳಗೆ ನಾಲ್ಕು ಸಾಲು ಖಾಲಿ ಉಳಿದವು. ಆ ಖಾಲಿ ಜಾಗ ನೋಡಿ ಕೈ ತುರಿಸಿತು, ತಡೆದುಕೊಂಡೆ.

ಮಧ್ಯಾಹ್ನ ಕೋರ್ಟಿನಲ್ಲಿ ಜಡ್ಜರು ಅಣ್ಣನನ್ನು ನೋಡಿ, ಪೊಲೀಸರು ಏನಾದರೂ ತ್ರಾಸು ಕೊಟ್ಟರೇ, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಹೇಳುವುದು ಇದೆಯೇ ಎಂದು ನಮ್ಮಣ್ಣನನ್ನು ಕೇಳುವುದೇ? ನಾನು ಕಣ್ಣು ಮುಚ್ಚಿಕೊಂಡೆ.

“ತ್ರಾಸೇನಿಲ್ರಿ. ಉಳದದ್ದು ನಮ್ಮ ವಕೀಲರು ಹೇಳ್ತಾರ್ರಿ.”

ಹೇಳಿದರು, ಮೂರು ನಿಮಿಷದಲ್ಲಿ. ನನ್ನ ಹೊಲದ ಪಹಣಿ ಉತಾರ ಕೊಟ್ಟು ನಾನೇ ಜಾಮೀನು ನಿಂತೆ. ಸಂಜೆ ಐದಕ್ಕೆ ಅಣ್ಣ ಹೊರಗೆ ಬಂದ. ವೈನಿಗೆ ಫೋನು ಮಾಡಿ ಬರುತ್ತಿದ್ದೇವೆ ಎಂದೆ. ಆಕೆ ಹೂಂ ಎಂದು ಫೋನಿಟ್ಟಳು, ಅಳುತ್ತಿದ್ದಳೆಂದು ಕಾಣುತ್ತದೆ.

ಮಾಳಮಡ್ಡಿಯ ದಾರಿಯಲ್ಲಿ ಅಣ್ಣ ಹಿಂದೆ ಕೂತು ತುಟಿ ಬಿಚ್ಚಲಿಲ್ಲ. ನನಗೆ ಖುಷಿ, ಚೇಷ್ಟೆ ಮಾಡುವ ಉಮೇದಿ. ಸುಮ್ಮನಿರಲು ಹೇಳಿದ್ದು ಠಾಣೆಯಲ್ಲಿ ಮಾತ್ರ, ಸ್ಕೂಟರಿನ ಮೇಲೆ ಕಾನೂನು ಇಲ್ಲ, ಅಷ್ಟು ಹೊತ್ತು ಅಲ್ಲಿ ಏನೇನು ಒದರಿದೆ ಹೇಳು ಎಂದು ಕೆಣಕಿದೆ. ಸ್ವಲ್ಪ ದೂರ ಹೋದ ಮೇಲೆ ಅವನು ನನ್ನ ಹೆಗಲ ಮೇಲೆ ಕೈ ಇಟ್ಟ.

“ನಮ್ಮ ತಮ್ಮ ಕೋರ್ಟಿನ ಮುಂದs ಇರ್ತಾನ, ಈಗ ಬರ್ತಾನ ಅಂತ ಅವರಿಗೆಲ್ಲಾ ಹೇಳಿದ್ದೆ. ನೀ ಬರಲಿಲ್ಲ. ಸುಮ್ನ ಕುಂತ್ರ ಅಂಜಿಕಿ ಬರತಿತ್ತು. ಅದಕ್ಕ ಮಾತಾಡಿದೆ.”

ನಾನು ಸ್ಕೂಟರು ನಿಧಾನ ಮಾಡಿದೆ. ತಪ್ಪಾತೋ ಅಣ್ಣಾ ಎಂದೆ. ಹೆಲ್ಮೆಟ್ಟಿನೊಳಗಿಂದ ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಇನ್ನೊಮ್ಮೆ ಹೇಳಿದೆ.