ಎರಡು ಗುಟುಕು ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಅಮ್ಮ ಹೇಳುತ್ತಿದ್ದರು. ಅದು ಪೂರ್ತಿ ಸರಿಯಲ್ಲ. ಕೋಪಕ್ಕಿಂತ ನನಗೆ ಹೆಚ್ಚಾಗಿ ಇದ್ದದ್ದು ಜಂಭ, ಅದೂ ಎಲ್ಲವನ್ನೂ ಸರಿಯಾಗಿ ಮಾಡುವವಳೆಂಬ ಜಂಭ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಂಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ. ರಜೆಯ ದಿನಗಳಲ್ಲಿ ಇನ್ನೊಂದು ಕೆಲಸವಿತ್ತು. ಪರವೂರಿನಿಂದ ಬಂದ ನಮ್ಮ ಜನರನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು, ಈ ಕರಾವಳಿಯ ಮೊದಮೊದಲ ಕ್ರೈಸ್ತರ ಜಾಗಗಳನ್ನು ಒಂದೇ ಹಗಲಿನಲ್ಲಿ ತೋರಿಸಿ ತರುವುದು.

ಇದು ಶುರುವಾದದ್ದು ಮುಂಬಯಿಯಿಂದ ಬಂದ ಚಿಕ್ಕಮ್ಮನಿಂದ. ಅವರನ್ನು ಸುತ್ತಾಡಿಸಿದೆ, ಅವರು ನಾಲ್ಕು ಜನರಿಗೆ ಹೇಳಿದರು, ಆ ನಾಲ್ವರು ಇನ್ನು ನಾಲ್ವರಿಗೆ. ಹೆಂಗಸರೇ ಹೆಚ್ಚಾಗಿ ಬರುತ್ತಿದ್ದರು, ಜೊತೆಗೆ ಹೆಂಗಸೇ ಇದ್ದರೆ ಅವರಿಗೂ ನಿರಾಳ. ಬೋಳಾರದ ಕಡೆಯ ಹಳೇ ಇಗರ್ಜಿ, ಹೊಳೆ ದಡದ ಕಲ್ಲಿನ ಶಿಲುಬೆ, ಹೆಸರು ಸವೆದುಹೋದ ಗೋರಿಗಳು, ಕೊನೆಗೆ ಪಡೀಲ್ ದಾಟಿ ಬಂಟ್ವಾಳದ ರಸ್ತೆಯಲ್ಲಿ ಹೋದರೆ ಸಿಗುವ ಒಂದು ಗುಡ್ಡದ ಮೇಲಿನ ಪುಟ್ಟ ಇಗರ್ಜಿ. ಪರಂಗಿಗಳ ಕಾಲದ್ದು ಎನ್ನುತ್ತಿದ್ದರು. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಯಾವ ಪ್ರಾರ್ಥನೆ, ಎಲ್ಲವೂ ನನ್ನ ಬೆರಳ ತುದಿಯಲ್ಲಿ ಇತ್ತು.

ಕಾರು ಬಿಕರ್ನಕಟ್ಟೆಯ ಒಬ್ಬ ತುಳುವರದ್ದು, ಓಡಿಸುತ್ತಿದ್ದದ್ದೂ ಅವರೇ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ಅವರು ಮಂಗಳಾದೇವಿಯ ಭಕ್ತರು. ಆದರೂ ಪ್ರತಿ ಇಗರ್ಜಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಣುಕಿ ಕೈ ಮುಗಿಯದೆ ಬರುತ್ತಿರಲಿಲ್ಲ. "ಟೀಚರ್, ನಿಮ್ಮಲ್ಲಿ ದೇವರಿಗಿಂತ ಕಾನೂನು ಜಾಸ್ತಿ ಉಂಟಲ್ಲ ಮಾರಾಯ್ರೆ" ಎಂದು ತಮಾಷೆ ಮಾಡುತ್ತಿದ್ದರು.

ಈ ಕಾನೂನಿನ ವಿಷಯ ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಪೂಜೆಯಲ್ಲಿ ಪರಮ ಪ್ರಸಾದ, ಅಂದರೆ ಕ್ರಿಸ್ತನ ಶರೀರವೆಂದು ನಾವು ನಂಬುವ ರೊಟ್ಟಿ, ತೆಗೆದುಕೊಳ್ಳುವವರು ಮಧ್ಯರಾತ್ರಿಯಿಂದ ಏನನ್ನೂ ಬಾಯಿಗೆ ಹಾಕಬಾರದಿತ್ತು. ಕಾಫಿ, ಗಂಜಿ ಬಿಡಿ, ನೀರೂ ಕೂಡದು. ಒಂದು ಗುಟುಕು ನೀರು ಒಳಗೆ ಹೋದರೂ ಆ ದಿನದ ಪ್ರಸಾದ ಇಲ್ಲ. ಪೂಜೆಗಳೆಲ್ಲ ಬೆಳಿಗ್ಗೆಯೇ ಮುಗಿಯುತ್ತಿದ್ದರಿಂದ ಅಂಥ ಕಷ್ಟವೇನೂ ಆಗುತ್ತಿರಲಿಲ್ಲ. ಆದರೆ ಪ್ರವಾಸಕ್ಕೆ ಬಂದವರು ಮೈಮರೆಯುತ್ತಾರೆ. ಒಮ್ಮೆ ಮುಂಬಯಿಯ ಒಬ್ಬ ಹೆಂಗಸು ಕಾರಿನಲ್ಲಿ ಪೆಪ್ಪರಮೆಂಟು ಚೀಪುತ್ತಿದ್ದುದನ್ನು ನಾನೇ ಹಿಡಿದೆ. ಅಂದಿನಿಂದ, ನನ್ನ ಜೊತೆ ಬಂದವರಲ್ಲಿ ಒಬ್ಬರೂ ಉಪವಾಸ ಕೆಡಿಸಿಕೊಂಡು ಪ್ರಸಾದಕ್ಕೆ ಹೋದದ್ದಿಲ್ಲ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ವರ್ಷ ಮೇ ತಿಂಗಳಲ್ಲಿ ಮುಂಬಯಿಯಿಂದ ಒಬ್ಬ ಮುದುಕಿ ಒಬ್ಬರೇ ಬಂದರು. ವಿಧವೆ, ವಯಸ್ಸು ಎಪ್ಪತ್ತರ ಮೇಲೆ, ಬೆನ್ನು ಬಾಗಿತ್ತು. ನಾನು ಅವರನ್ನು ಮಾಂಯ್ ಎಂದೆ, ನಮ್ಮ ಕೊಂಕಣಿಯಲ್ಲಿ ತಾಯಿಗೆ ಹೇಳುವ ಮಾತು. ಅವರು ನನ್ನನ್ನು ಬಾಯೆ ಎಂದರು, ಮಗಳೇ ಎಂದ ಹಾಗೆ. ಅವರದ್ದೊಂದು ಹರಕೆ ಇತ್ತು. ಯುದ್ಧದ ಕಾಲದಲ್ಲಿ ಅವರ ಒಬ್ಬನೇ ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ಹಡಗು ಮುಳುಗಿತೆಂಬ ಸುದ್ದಿ ಬಂದು ಏಳು ತಿಂಗಳು ಅವನ ಸುಳಿವೇ ಇರಲಿಲ್ಲ. ಮಗ ಬದುಕಿ ಬಂದರೆ ಊರಿನ ಮೂರು ಹಳೇ ಇಗರ್ಜಿಗಳಿಗೆ ಒಂದೇ ದಿನ ಹೋಗಿ, ಕೊನೆಗೆ ತನ್ನ ಮದುವೆಯಾದ ಗುಡ್ಡದ ಇಗರ್ಜಿಯಲ್ಲಿ ಪ್ರಸಾದ ತೆಗೆದುಕೊಳ್ಳುತ್ತೇನೆ ಎಂದು ಹೇಳಿಕೊಂಡಿದ್ದರು. ಮಗ ಬಂದ. ಆದರೆ ಊರಿಗೆ ಬರುವ ಯೋಗ ಇವರಿಗೆ ಕೂಡಿಬರದೆ ವರ್ಷಗಳೇ ಕಳೆದಿದ್ದವು.

"ಇದೊಂದು ತೀರಿಸಿಬಿಟ್ಟರೆ ನಾನು ಹಗುರ, ಬಾಯೆ. ಇಲ್ಲದಿದ್ದರೆ ಅವನಿಗೇನಾದರೂ ಆದೀತು ಎಂದು ಒಳಗೊಳಗೇ ಹೆದರಿಕೆ."

ಗುಡ್ಡದ ಇಗರ್ಜಿಯಲ್ಲಿ ಪೂಜೆ ಇರುತ್ತಿದ್ದದ್ದು ತಿಂಗಳ ಮೊದಲ ಶನಿವಾರ ಮಾತ್ರ, ಬೆಳಿಗ್ಗೆ ಒಂಬತ್ತಕ್ಕೆ. ಪಾದ್ರಿಗಳು ಹೊಳೆಯಾಚೆಯಿಂದ ದೋಣಿಯಲ್ಲಿ ಬರಬೇಕು. ಮರುದಿನ ಭಾನುವಾರ ಬಂದರಿನಿಂದ ಮುಂಬಯಿಗೆ ಹೋಗುವ ಹಡಗು, ಮಳೆಗಾಲಕ್ಕೆ ಮೊದಲಿನ ಕೊನೆಯದ್ದು. ಅದಕ್ಕೆ ಮಾಂಯ್‌ಗೆ ಟಿಕೇಟು ಆಗಿತ್ತು. ಹಾಗಾಗಿ ಇದ್ದದ್ದು ಆ ಒಂದು ಶನಿವಾರ.

ಬೆಳಿಗ್ಗೆ ಆರಕ್ಕೆ ಹೊರಟೆವು. ಪೇಟೆಯ ಎರಡು ಇಗರ್ಜಿಗಳನ್ನು ಮುಗಿಸಿ ಒಂಬತ್ತಕ್ಕೆ ಮೊದಲೇ ಗುಡ್ಡದ ಬುಡ ಮುಟ್ಟಿದೆವು. ಮಾಂಯ್ ಮೆಟ್ಟಿಲು ಹತ್ತಿದ್ದು ಹತ್ತು ಮೆಟ್ಟಿಲಿಗೊಮ್ಮೆ ಕೂತು. ಹಿಂದಿನ ಸಂಜೆ ಒಂದು ಬಟ್ಟಲು ಗಂಜಿ ಕುಡಿದದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ನಾನು ಶಭಾಷ್ ಎಂದೆ! ಎಂಥ ಮಾತು ಆಡಿದೆನೋ ದೇವರೇ. ಮೇಲೆ ಹೋದರೆ ಪಾದ್ರಿಗಳು ಬಂದಿರಲಿಲ್ಲ. ದಾರಿಯಲ್ಲಿ ಯಾರೋ ಸಾಯುವ ಸ್ಥಿತಿಯಲ್ಲಿದ್ದರಂತೆ, ಅವರ ಮನೆಗೆ ಹೋಗಿದ್ದಾರೆ, ತಡವಾಗುತ್ತದೆ ಎಂದು ಇಗರ್ಜಿಯ ಕೆಲಸದವರು ಹೇಳಿದರು.

ಹತ್ತು ಹೊಡೆಯಿತು. ಹತ್ತೂವರೆಯಾಯಿತು. ಮೇ ತಿಂಗಳ ಮಂಗಳೂರಿನ ಸೆಕೆ ಗೊತ್ತಿದ್ದವರಿಗೆ ಗೊತ್ತು. ಜಗಲಿಯಲ್ಲಿ ಕೂತರೂ ಬೆವರು ಕಾಲಿನವರೆಗೆ ಇಳಿಯುತ್ತಿತ್ತು. ಮಾಂಯ್ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು.

"ಬಾಯೆ, ಬಾಯಿ ಮುಕ್ಕಳಿಸಿ ಉಗುಳಲಾ? ನಾಲಿಗೆ ಅಂಟಿಕೊಂಡು ಹೋಗಿದೆ."

ಮುಕ್ಕಳಿಸಬಹುದಿತ್ತು. ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ನಾನು, ಎರಡು ಹನಿ ಒಳಗೆ ಹೋದರೆ ಇಷ್ಟು ದೂರ ಬಂದದ್ದು ದಂಡ, ಇನ್ನೇನು ಸ್ವಲ್ಪ ಹೊತ್ತು, ತಾಳಿಕೊಳ್ಳಿ ಎಂದೆ. ನಿಯಮಕ್ಕಿಂತ ಒಂದು ಗೇಣು ಮುಂದೆ ನಿಲ್ಲುವುದೇ ಭಕ್ತಿ ಎಂದು ತಿಳಿದಿದ್ದೆ. ಅವರು ತಲೆಯಾಡಿಸಿ ಮತ್ತೆ ಜಪಮಣಿ ಎಣಿಸತೊಡಗಿದರು.

ಪಾದ್ರಿಗಳು ಎಲ್ಲಿಯವರೆಗೆ ಬಂದರು ಎಂದು ನೋಡಲು ನಾನು ಗುಡ್ಡದ ಆಚೆ ಬದಿಗೆ ಹೋದೆ. ದೋಣಿ ಕಂಡಿತು. ಖುಷಿಯಿಂದ ವಾಪಸು ಬಂದರೆ ಡ್ರೈವರಣ್ಣ ಮಾಂಯ್ ಎದುರು ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಬಾವಿಯ ನೀರಿನ ಚೊಂಬು. ಮಾಂಯ್ ಗಲ್ಲ ಒದ್ದೆಯಾಗಿತ್ತು.

"ಎಂತ ಮಾಡಿದ್ರಿ ಅಣ್ಣ ನೀವು!" ಎಂದು ಕಿರುಚಿಯೇಬಿಟ್ಟೆ.

"ಕಿರುಚಬೇಡಿ ಟೀಚರ್. ಅಮ್ಮ ಕೂತಲ್ಲೇ ವಾಲಿದ್ರು. ನಾನು ಹಿಡಿಯದಿದ್ರೆ ತಲೆ ಮೆಟ್ಟಿಲಿಗೆ ಹೊಡೀತಿತ್ತು. ಎರಡು ಗುಟುಕು ಕುಡಿಸಿದೆ, ಅಷ್ಟೆ. ಸಾಯ್ಲಿ ಅಂತ ಬಿಡ್ಬೇಕಿತ್ತಾ?"

"ಅವರು ಇನ್ನು ಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲ, ಗೊತ್ತುಂಟಾ ನಿಮಗೆ? ಹರಕೆ ಹಾಳಾಯ್ತು!"

ಅವರ ಮುಖ ಸಪ್ಪಗಾಯಿತು. ಚೊಂಬು ಕೆಳಗಿಟ್ಟರು. "ನನಗೆ ಗೊತ್ತಿರ್ಲಿಲ್ಲ ಟೀಚರ್, ಸತ್ಯವಾಗಿ. ಈಗ ಪಾದ್ರಿಗಳು ಬರ್ತಾರಲ್ಲ, ಅವರತ್ರ ಒಂದು ಮಾತು ಕೇಳಿ. ಬೇಕಾದ್ರೆ ನಾನೇ ಹೇಳ್ತೇನೆ, ತಪ್ಪು ನಂದು ಅಂತ."

"ಕೇಳ್ಲಿಕ್ಕೆ ಎಂತ ಉಂಟು? ನನಗೆ ಗೊತ್ತಿಲ್ಲವಾ?"

ಇದೇ ನೋಡಿ, ನನ್ನ ಮಾತು. ಒಂದು ಮಾತು ಕೇಳಿದ್ದರೆ ಪಾದ್ರಿಗಳು ಏನು ಹೇಳುತ್ತಿದ್ದರೋ. ಹರಕೆಯನ್ನು ಬೇರೆಯದಕ್ಕೆ ಬದಲಿಸಿ ಕೊಡುವ ಅಧಿಕಾರ ಪಾದ್ರಿಗಳಿಗೆ ಇರುತ್ತದೆ ಎಂದು ಆಮೇಲೆ ತಿಳಿಯಿತು. ಅವತ್ತು ನನಗೆ ಕೇಳುವುದೇ ಅವಮಾನವಾಗಿ ಕಂಡಿತ್ತು.

ಮಾಂಯ್ ನನ್ನ ಕೈ ಹಿಡಿದರು. "ತಲೆ ತಿರುಗಿತು ಬಾಯೆ. ಬೇಕೆಂದು ಕುಡಿಯಲಿಲ್ಲ. ದೇವರಿಗೆ ಗೊತ್ತು."

"ದೇವರಿಗೆ ಗೊತ್ತಿರುವುದರಿಂದಲೇ ಹೇಳುತ್ತಿದ್ದೇನೆ ಮಾಂಯ್" ಎಂದೆ.

ಹನ್ನೊಂದೂವರೆಗೆ ಪೂಜೆ ಶುರುವಾಯಿತು. ಊರಿನ ಇಪ್ಪತ್ತು ಮೂವತ್ತು ಜನ ಇದ್ದರು. ಮಾಂಯ್ ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದರು, ತಲೆಯ ಮೇಲಿನ ಸೆರಗು ಕಣ್ಣಿನವರೆಗೆ ಬಂದಿತ್ತು. ಪ್ರಸಾದದ ಗಂಟೆ ಹೊಡೆಯಿತು. ಜನ ಒಬ್ಬೊಬ್ಬರಾಗಿ ಪೀಠದ ಮುಂದಿನ ಮರದ ಕಟಕಟೆಯ ಬಳಿ ಹೋದರು. ನಾನು ಕಣ್ಣು ಮುಚ್ಚಿದ್ದೆ. ತೆರೆದು ನೋಡುವಾಗ ಪಕ್ಕದಲ್ಲಿ ಮಾಂಯ್ ಇಲ್ಲ. ನೋಡಿದರೆ, ಬಾಗಿದ ಬೆನ್ನಿನ ಆ ಸಣ್ಣ ಜೀವ ಸಾಲಿನ ತುದಿಯಲ್ಲಿ, ಕಟಕಟೆಗೆ ಎರಡು ಹೆಜ್ಜೆ ಹಿಂದೆ ನಿಂತಿದೆ.

ನಾನು ಎದ್ದೆ. ಓಡಲಿಲ್ಲ, ಇಗರ್ಜಿಯಲ್ಲಿ ಓಡಬಾರದಲ್ಲ. ಸರಸರನೆ ನಡೆದು ಹೋಗಿ ಅವರ ಮೊಣಕೈ ಹಿಡಿದೆ. ಅವರು ತಿರುಗಿ ನೋಡಿದರು. ಕಣ್ಣಿನಲ್ಲೇ ಬೇಡಿಕೊಂಡರು. ನಾನು ಇಲ್ಲವೆಂದು ತಲೆಯಾಡಿಸಿ, ಶಾಲೆಯ ಮಕ್ಕಳನ್ನು ಸಾಲಿನಿಂದ ಹೊರಗೆ ತರುವ ಹಾಗೆಯೇ ಅವರನ್ನು ತಂದು ಜಾಗದಲ್ಲಿ ಕೂರಿಸಿದೆ. ಪಾದ್ರಿಗಳು ತಲೆ ತಗ್ಗಿಸಿ ಪ್ರಸಾದ ಹಂಚುತ್ತಿದ್ದರು, ಅವರಿಗೆ ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಡ್ರೈವರಣ್ಣನಿಗೆ ಕಂಡಿತು.

ವಾಪಸು ಬರುವಾಗ ಪಡೀಲ್ ಹತ್ತಿರ ಅಣ್ಣ ಕಾರು ನಿಲ್ಲಿಸಿ ಒಂದು ಎಳನೀರಿನ ಬೊಂಡ ಕೆತ್ತಿಸಿ ತಂದು ಮಾಂಯ್ ಕೈಯಲ್ಲಿ ಇಟ್ಟರು. ಅವರು ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮಾಡಿದ್ದು ಸರಿ ಬಾಯೆ. ನನ್ನದೇ ಆಸೆಬುರುಕತನ" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತಿನಿಂದ ನನಗೆ ಆಗ ಸಮಾಧಾನವೇ ಆಯಿತು. ಮರುದಿನ ಅವರು ಹಡಗು ಹತ್ತಿ ಹೋದರು.

ಅಣ್ಣ ನಾಲ್ಕೈದು ತಿಂಗಳು ನನ್ನ ಪ್ರವಾಸಗಳಿಗೆ ಕಾರು ತರಲಿಲ್ಲ. ಒಮ್ಮೆ ಗಾಡಿ ರಿಪೇರಿ, ಒಮ್ಮೆ ಜ್ವರ, ಒಮ್ಮೆ ಯಾರದ್ದೋ ಮದುವೆ. ಸಿಟ್ಟು ಎಂದು ನನಗೂ ಗೊತ್ತಿತ್ತು, ನಾನೂ ಬಿಂಕದಿಂದ ಬೇರೆ ಕಾರು ಹುಡುಕಿದೆ. ಆಮೇಲೆ ಹೇಗೋ ಸರಿಹೋಯಿತು. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಸುಮಾರು ಎರಡು ವರ್ಷದ ಮೇಲೆ ಒಂದು ಭಾನುವಾರ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ರೋಮಿನಿಂದ ಬಂದ ಹೊಸ ಅಪ್ಪಣೆಯನ್ನು ಓದಿದರು. ಇನ್ನು ಮುಂದೆ ನೀರು ಕುಡಿದರೆ ಉಪವಾಸ ಕೆಡುವುದಿಲ್ಲ. ಬರೀ ನೀರು ಎಷ್ಟು ಬೇಕಾದರೂ ಕುಡಿಯಬಹುದು. ಹೆಂಗಸರ ಕಡೆ ಗುಸುಗುಸು ಎದ್ದಿತು, ನನ್ನ ಹಿಂದೆ ಯಾರೋ "ಅಬ್ಬಾ, ಬದುಕಿದೆವು" ಎಂದು ಮೆಲ್ಲಗೆ ನಕ್ಕರು. ನಾನು ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ದಿನ ನಾನು ಪ್ರಸಾದಕ್ಕೆ ಹೋಗಲಿಲ್ಲ.

ಪಾಪನಿವೇದನೆಯಲ್ಲಿ ಎಲ್ಲವನ್ನೂ ಹೇಳಿದೆ. ಜಾಲರಿಯಾಚೆಯ ಪಾದ್ರಿಗಳು ತಾಳ್ಮೆಯಿಂದ ಕೇಳಿದರು. "ಆಗ ನಿಯಮ ಹಾಗೇ ಇತ್ತಲ್ಲ, ಮಗಳೇ. ನೀನು ನಿಯಮ ಪಾಲಿಸಿದೆ. ಇದರಲ್ಲಿ ಪಾಪವಿಲ್ಲ" ಎಂದರು. ಪಾಪವೇ ಇಲ್ಲದಿದ್ದರೆ ಕ್ಷಮೆ ಎಲ್ಲಿಂದ? ಬೈದಿದ್ದರೆ ನಾಲ್ಕು ದಿನ ಅತ್ತು ಸುಧಾರಿಸಿಕೊಳ್ಳುತ್ತಿದ್ದೆ. ಹೊರಗೆ ಬಂದಾಗ ಒಳಗೆ ಹೋಗುವಾಗಿನದಕ್ಕಿಂತ ಹೆಚ್ಚು ಭಾರವಿತ್ತು.

ಮುಂದಿನ ಪ್ರವಾಸದ ದಿನ ಅಣ್ಣನ ಹತ್ತಿರ ಹೇಳಿದೆ, ಈಗ ನೀರು ಕುಡಿಯಬಹುದಂತೆ ಎಂದು. ಅವರು ಗೇರು ಬದಲಿಸುತ್ತಾ ರಸ್ತೆಯನ್ನೇ ನೋಡುತ್ತಿದ್ದರು.

"ಹೌದಾ? ಒಳ್ಳೇದಾಯ್ತು. ಆ ಅಮ್ಮನಿಗೆ ತಿಳಿಸಿದ್ರಾ?"

"ಇಲ್ಲ."

"ತಿಳಿಸಿ ಟೀಚರ್. ಮತ್ತೊಮ್ಮೆ ಬರ್ಲಿ. ಗುಡ್ಡಕ್ಕೆ ನಾನು ಹೊತ್ತುಕೊಂಡಾದ್ರೂ ಹತ್ತಿಸ್ತೇನೆ."

ಬಂದವರ ವಿಳಾಸ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿತ್ತು. ಅಂದು ಸಂಜೆಯೇ ಕೂತು ಕೊಂಕಣಿಯಲ್ಲಿ ಎರಡು ಪುಟ ಬರೆದೆ. ನಿಯಮ ಬದಲಾದದ್ದನ್ನು ಬರೆದೆ. ನಾನು ಅವತ್ತು ಕಲ್ಲಿನ ಹಾಗೆ ನಡೆದುಕೊಂಡೆ ಎಂದು ಬರೆದೆ. ಮಳೆ ಕಳೆದ ಮೇಲೆ ಬನ್ನಿ ಮಾಂಯ್, ಈ ಸಲ ನಾನೇ ನೀರು ಹಿಡಿದುಕೊಂಡು ಬರುತ್ತೇನೆ, ಹರಕೆ ತೀರಿಸೋಣ ಎಂದು ಬರೆದೆ. ಹೀಗೆ ಯಾರ ಮುಂದೂ ನಾನು ತಗ್ಗಿದ್ದಿಲ್ಲ.

ಮೂರು ವಾರದ ಮೇಲೆ ಉತ್ತರ ಬಂತು. ಬರೆದದ್ದು ಅವರ ಮಗ. ತಾಯಿ ಹೋದ ವರ್ಷವೇ ತೀರಿಕೊಂಡರೆಂದು ತಿಳಿಸಿದ್ದರು. ನಾನು ತಪ್ಪು ಒಪ್ಪಿಕೊಂಡದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ, ಅದನ್ನು ನನ್ನ ವಿನಯವೆಂದು ತಿಳಿದಿದ್ದರೋ ಏನೋ. ಅಮ್ಮ ನಿಮ್ಮನ್ನು ಯಾವಾಗಲೂ ಹೊಗಳುತ್ತಿದ್ದರು, ನಿಮ್ಮಷ್ಟು ನಿಷ್ಠೆ ಈ ಕಾಲದಲ್ಲಿ ಯಾರಿಗಿದೆ ಎನ್ನುತ್ತಿದ್ದರು ಎಂದು ಬರೆದಿದ್ದರು. ಕೊನೆಯ ದಿನ ಪಾದ್ರಿಗಳು ಪ್ರಸಾದ ತರುತ್ತಾರೆಂದು ಗೊತ್ತಾದ ಮೇಲೆ ಬೆಳಿಗ್ಗೆಯಿಂದ ತುಟಿಗೆ ನೀರು ತಾಗಿಸಲು ಬಿಡಲಿಲ್ಲವಂತೆ. ಜ್ವರದಲ್ಲಿ ತುಟಿ ಒಡೆದು ರಕ್ತ ಬರುತ್ತಿತ್ತಂತೆ. ಮಗ ಹತ್ತಿ ಅದ್ದಿ ತಂದರೆ ಮುಖ ತಿರುಗಿಸಿ, "ಬೇಡ, ಮಂಗಳೂರಿನ ಟೀಚರ್ ಒಪ್ಪುವುದಿಲ್ಲ" ಎನ್ನುತ್ತಿದ್ದರಂತೆ. ಮಧ್ಯಾಹ್ನ ಮೂರಕ್ಕೆ ಪಾದ್ರಿಗಳು ಬಂದು ಪ್ರಸಾದ ಕೊಟ್ಟ ಮೇಲೆಯೇ ಬಾಯಿ ತೆರೆದರಂತೆ. ಅಷ್ಟರಲ್ಲಿ ನುಂಗುವ ಶಕ್ತಿ ಹೋಗಿತ್ತು, ಹಾಕಿದ ನೀರು ಕೆನ್ನೆಯ ಮೇಲೆ ಇಳಿಯಿತು ಎಂದು ಬರೆದು, ನನ್ನ ಉಪಕಾರಕ್ಕೆ ವಂದನೆ ಹೇಳಿದ್ದರು.

ಸಾಯುವವರಿಗೆ ಉಪವಾಸದ ನಿಯಮ ಆಗಲೂ ಇರಲಿಲ್ಲ. ಧರ್ಮೋಪದೇಶದ ಪುಸ್ತಕದಲ್ಲಿ ಇದ್ದ ಮಾತು ಅದು, ಪ್ರತಿ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಮಾಂಯ್‌ಗೆ ಮಾತ್ರ ಅದನ್ನು ನಾನು ಹೇಳಿರಲಿಲ್ಲ.