ಕೂಸಿಗೆ ಎರೆದ ಕೈ

ಕನ್ನಡಿ ನೋಡಿ ಹಿಗ್ಗೋ ವಯಸ್ಸು ನಂದಲ್ಲ. ಆದ್ರೂ ಒಂದು ವಾರದಿಂದ ನನ್ನ ಅಂಗೈಯನ್ನ ನಾನೇ ಸವರಿಕೊಂಡು ನಗ್ತಾ ಇದೀನಿ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ಬರೀತಿರೋದು. ತಪ್ಪಿದ್ರೆ ತಿದ್ಕೊಳ್ರಿ, ಸಂತೋಷ ಮಾತ್ರ ತಿದ್ದಬ್ಯಾಡ್ರಿ.

ತೊಗಲಿಗೆ ಒಂದೇ ಸಲಕ್ಕೆ ವಯಸ್ಸಾಗಲ್ಲ. ಮೊದಲು ಕಣ್ಣಂಚಿಗೆ ಬರುತ್ತೆ, ಆಮೇಲೆ ಕುತ್ತಿಗೆಗೆ ಇಳಿಯುತ್ತೆ. ಕೈಗೆ ಬಂದಿದ್ದು ನನಗೆ ತಿಳಿದೇ ಇರಲಿಲ್ಲ. ತಿಳಿಸಿದವಳು ಬಾಣಂತನಕ್ಕೆ ಹಿರಿಯೂರಿಂದ ಬಂದ ಮಗಳು ಗಂಗೆ. ಕೂಸಿಗೆ ಎಣ್ಣೆ ಹಚ್ಚೋಕೆ ಕೂತೆ. ನನ್ನ ಒಡೆದ ಕೈ ತಾಗಿದ್ದೇ ತಡ, ಅದು ಕಿಟಾರನೆ ಕಿರುಚ್ತು.

"ಅವ್ವ, ಬ್ಯಾಡ ಬಿಡು. ನಿನ್ ಕೈ ತರಚ್ತೈತೆ. ಎರಿಯಾಕೆ ಬೇರೆ ಯಾರನ್ನಾರ ಕರೆಸಾಣ."

ನನ್ನ ಕೂಸುಗಳಿಗೆಲ್ಲ ನಮ್ಮವ್ವನೇ ಎರೆದಿದ್ದು. ಈಗ ನನ್ನ ಸರದಿ ಇನ್ಯಾರದೋ ಕೈಗೆ ಹೋಗೋದಾ? "ನಾಲ್ಕು ದಿನ ತಡಿಯೇ ತಾಯಿ" ಅಂದೆ.

ಕೆನೆ ಹಚ್ಚಿದೆ, ಬೆಕ್ಕು ನೆಕ್ಕಿತು. ಕಡ್ಲೆಹಿಟ್ಟು ಉಜ್ಜಿದೆ, ಬಿರುಕಿನೊಳಗೇ ಕೂತು ಒಣಗಿತು. ಲೋಳೆಸರ ಮೆತ್ತಿಕೊಂಡೆ. ತಂಪಾಯ್ತು, ಮೆತ್ತಗಾಗಲಿಲ್ಲ. ಕೊನೆಗೆ ರೇಡಿಯೋದಾಗೆ ಹೊಗಳ್ತಾರಲ್ಲ, ಆ ಥರದ್ದು, ಮಗಳ ಸ್ನೋ ಡಬ್ಬಿ ಕದ್ದು ಬಳಕೊಂಡೆ. ಮನೆಯೆಲ್ಲ ಘಮಘಮ, ಕೈ ಮಾತ್ರ ಹಂಗೇ.

"ಏನೇ, ಇನ್ನೊಂದು ಮದ್ವೆ ಗಿದ್ವೆ ಐತಾ?" ಅಂತ ನಮ್ಮ ಯಜಮಾನರು ನಕ್ಕು ನನ್ನ ಕೈ ಹಿಡಿದರು. ಆಗ ಬೆಚ್ಚಿದೆ. ಜನ್ಮವೆಲ್ಲ ಕುರಿ ಕಾದ ಮನುಷ್ಯ, ಮುಖ ಬಾಡಿದ ಬದನೆಕಾಯಿ, ಅಂಗೈ ಬೆಣ್ಣೆ!

"ಇದೆಂಗ್ರೀ?"

"ಉಣ್ಣೆ ಜಿಡ್ಡು ಕಣೇ. ಕುರಿ ಉಣ್ಣೆ ಕತ್ತರಿಸೋರ ಕೈ ಒಡಿಯಾದಿಲ್ಲ."

ನಾನೂ ಜನ್ಮವೆಲ್ಲ ಉಣ್ಣೆ ನೂತವಳೇ. ಆದ್ರೆ ನನ್ನ ಕೈಗೆ ಬರೋದು ತೊಳೆದು ಒಣಗಿಸಿದ ಉಣ್ಣೆ. ಜಿಡ್ಡೆಲ್ಲ ಹಳ್ಳದ ಪಾಲು, ಇಲ್ಲಾ ಗಂಡಸರ ಪಾಲು! ನಮ್ಮೂರು ತುರುವನೂರಲ್ಲಿ ಯಾವ ಹೆಂಗಸೂ ಕೂರದ, ಉಣ್ಣೆ ಕತ್ತರಿಸೋ ಜಾಗದಲ್ಲಿ ಎರಡು ದಿನ ಕೂತೆ, ಟಗರು ಅಮುಕಿ ಹಿಡಿದೆ, ಹಸಿ ಉಣ್ಣೆ ಬಿಡಿಸಿದೆ. ಗಂಡಸರು ಕೆಮ್ಮಿದರು. ಕೆಮ್ಮಲಿ.

ಮೂರನೇ ಬೆಳಿಗ್ಗೆ ವಾಸನೆ ಹೋಗೋವರೆಗೆ ಬಿಸಿನೀರಲ್ಲಿ ಕೈ ತೊಳೆದು, ಕಾಲು ಚಾಚಿ, ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡೆ. ಗಂಗೆ ಕೂಸನ್ನ ಎತ್ಕೊಳ್ಳೋಕೆ ಕೈ ಚಾಚೇ ನಿಂತಿದ್ದಳು. ಎಣ್ಣೆ ಸವರಿದೆ, ನೀರು ಎರೆದೆ. ಕೂಸು ಅಳಲಿಲ್ಲ, ಆಕಳಿಸಿತು!

ಗಂಗೆ ನನ್ನ ಕೈ ಎಳೆದುಕೊಂಡು ಮುಟ್ಟಿ ನೋಡಿದಳು. "ಅವ್ವ, ಯಾವ ಸ್ನೋ?"

"ಟಗರಿನ ಸ್ನೋ ಕಣೇ!"

"ಹಂಗಾರೆ ಮುಖಕ್ಕೂ ಹಚ್ಚವ್ವ, ಸುಕ್ಕು ಹೋಗ್ತವೆ" ಅಂತಾಳೆ ಈಗ. ನಾನು ಒಲ್ಲೆ. ಎರೆದು, ಒರೆಸಿ, ಹೆಗಲಿಗೆ ಹಾಕಿಕೊಂಡರೆ ಮೊಮ್ಮಗಳು ನನ್ನ ಗದ್ದದ ಕೆಳಗೆ ಜೋತುಬಿದ್ದ ತೊಗಲನ್ನ ಪುಟ್ಟ ಮುಷ್ಟೀಲಿ ಹಿಡ್ಕೊಂಡೇ ನಿದ್ದೆ ಹೋಗ್ತಾಳೆ. ಅದೂ ಬಿಗಿಯಾದ್ರೆ ಪಾಪ, ಏನು ಹಿಡ್ಕೋಬೇಕು?